ದುಡಿಯುತ್ತ ಕಲಿಯುವ ಪದ್ಧತಿ: ವಿಸ್ಕಾನ್ಸಿನ್ ಸಂಸ್ಥಾನದ ಕಾಯಿದೆಗಳಿಂದ ನಮಗೆ ದೊರೆಯುವ ಪಾಠ

ನಮ್ಮ ಗ್ರಾಮಗಳಲ್ಲಿ ಈಗ ಎರಡು ವರ್ಗದ ತರುಣರು ಕಂಡುಬರುತ್ತಾರೆ. ಶಾಲೆ ಕಾಲೇಜುಗಳಲ್ಲಿ ಹಲವು ವರ್ಷ ಓದಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರೂ, ಪಂಪಿನ ಮೋಟಾರು ನಿಂತುಹೋದರೆ ಅದರ ಕಾರಣವನ್ನು ಹುಡುಕಲಾರದವರು ಒಂದು ವರ್ಗ. ಬಾಲ್ಯದಿಂದಲೂ ಹೊಲಗದ್ದೆಗಳಲ್ಲಿ ಬೆಳೆದು ಕೆಲಸದಲ್ಲಿ ನಿಪುಣರಾಗಿದ್ದರೂ, ಔಷಧದ ಸೀಸೆಯ ಮೇಲೆ ಬರೆದಿರುವ ಪ್ರಮಾಣವನ್ನು ಓದಿ ನೀರಿಗೆ ಎಷ್ಟು ಬೆರಸಬೇಕೆಂದು ಲೆಕ್ಕ ಮಾಡಲಾರದವರು ಇನ್ನೊಂದು ವರ್ಗ. ಮೊದಲನೆಯವರು ಊರು ಬಿಟ್ಟು ಪಟ್ಟಣ ಸೇರುತ್ತಾರೆ. ಎರಡನೆಯವರು ಊರಿನಲ್ಲೇ ಉಳಿದು, ತಮ್ಮ ತಂದೆಗಳು ಮಾಡಿದ ಕೆಲಸವನ್ನು ತಂದೆಗಳು ಮಾಡಿದಂತೆಯೇ ಮಾಡುತ್ತಿರುತ್ತಾರೆ. ಓದು ಒಂದು ಕಡೆಗೂ ಕೆಲಸ ಇನ್ನೊಂದು ಕಡೆಗೂ ಹೀಗೆ ಹಂಚಿಹೋಗಿರುವುದರಿಂದ ಆಗುವ ನಷ್ಟವನ್ನು ಜಮೀನುಳ್ಳವರೇ ಅನುಭವಿಸುತ್ತಾರೆ. ತಾಲ್ಲೂಕು ಕೇಂದ್ರದಿಂದ ರಿಪೇರಿಯವನು ಬರುವವರೆಗೆ ತೋಟ ಒಣಗುವುದು. ಅಳತೆ ತಪ್ಪಿದ ಔಷಧದಿಂದ ಬೆಳೆ ಸುಡುವುದು. ಯಜಮಾನನಿಗೆ ವಯಸ್ಸಾದ ಮೇಲೆ ಜಮೀನನ್ನು ನೋಡಿಕೊಳ್ಳುವವರೇ ಇಲ್ಲದಂತಾಗುವುದು.

ಈ ಎರಡನ್ನೂ ಒಂದುಗೂಡಿಸಬೇಕೆಂದು ಹೇಳದವರಿಲ್ಲ. ಆದರೆ ಒಂದುಗೂಡಿಸುವ ವೆಚ್ಚವನ್ನು ಯಾರು ಹೊರಬೇಕು, ಓದಿನ ಕಾಲವನ್ನು ಯಾರ ಕಾಲದಿಂದ ತೆಗೆಯಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ. ಈ ಪ್ರಶ್ನೆಗೆ ನೂರು ವರ್ಷಗಳಿಗೂ ಹಿಂದೆ ಕಾಯಿದೆಯ ಮೂಲಕ ಸ್ಪಷ್ಟವಾದ ಉತ್ತರವನ್ನು ಕೊಟ್ಟ ಪ್ರಾಂತ್ಯಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ವಿಸ್ಕಾನ್ಸಿನ್ ಮುಖ್ಯವಾದುದು. ಅದು ಬೇಸಾಯಗಾರರ ಸಂಸ್ಥಾನವೂ ಆಗಿರುವುದರಿಂದ, ಅಲ್ಲಿನ ಕಾಯಿದೆಗಳ ವೃತ್ತಾಂತವನ್ನು ಈ ಪತ್ರಿಕೆಯ ವಾಚಕರ ಅವಗಾಹನೆಗೆ ತರುವುದು ಉಚಿತವೆಂದು ತೋರುತ್ತದೆ.

ಸಂಸ್ಥಾನದ ಪೂರ್ವಸ್ಥಿತಿ

ವಿಸ್ಕಾನ್ಸಿನ್ ಸಂಸ್ಥಾನವು ಉತ್ತರ ಅಮೆರಿಕಾದ ಮಹಾಸರೋವರಗಳ ತೀರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ರೈತರು ಗೋಧಿಯೊಂದನ್ನೇ ನೆಚ್ಚಿಕೊಂಡಿದ್ದರು. ವರ್ಷಾನುಗಟ್ಟಲೆ ಅದೊಂದನ್ನೇ ಬೆಳೆದುದರಿಂದ ನೆಲದ ಸಾರ ಕುಂದಿತು. ಕೀಟಗಳ ಹಾವಳಿ ಹೆಚ್ಚಿತು. ಪಶ್ಚಿಮದ ಹೊಸ ನೆಲಗಳ ಗೋಧಿಯೊಡನೆ ಸ್ಪರ್ಧಿಸುವುದು ಅಸಾಧ್ಯವಾಯಿತು. ಆಗ ಅವರು ಹಸುಗಳನ್ನು ಸಾಕಿ ಹಾಲು, ಬೆಣ್ಣೆ, ಗಿಣ್ಣುಗಳ ಕಸುಬಿಗೆ ಕೈಹಾಕಿದರು. ಗೋಧಿಯನ್ನು ಬಿತ್ತಿ ಕೊಯ್ಯುವುದಕ್ಕೆ ಬೇಕಾದ ತಿಳಿವಳಿಕೆಗಿಂತ ಹೆಚ್ಚಿನ ತಿಳಿವಳಿಕೆ ಈ ಕಸುಬಿಗೆ ಬೇಕಾಯಿತು. ಮೇವಿನ ಗುಣ, ರಾಸಿನ ತಳಿ, ಪಾತ್ರೆಗಳ ಶುಚಿತ್ವ, ಹಾಲಿನಲ್ಲಿರುವ ಕೊಬ್ಬಿನ ಅಂಶ, ಇವೆಲ್ಲವೂ ಲೆಕ್ಕದ ವಿಷಯಗಳು. ಹಾಲಿನ ಕೊಬ್ಬನ್ನು ಅಳೆಯುವ ಸುಲಭವಾದ ಪರೀಕ್ಷೆಯೊಂದನ್ನು ಸ್ಟೀಫನ್ ಬ್ಯಾಬ್‌ಕಾಕ್ ಎಂಬ ವಿದ್ವಾಂಸರು ೧೮೯೦ರಲ್ಲಿ ಆ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲೇ ಕಂಡುಹಿಡಿದರು.

ಇದಕ್ಕೂ ಮುಂಚೆ, ೧೮೮೫ರಲ್ಲಿ, ಅದೇ ವಿಶ್ವವಿದ್ಯಾನಿಲಯದವರು ರೈತರ ಮಕ್ಕಳಿಗಾಗಿ ಅಲ್ಪಕಾಲದ ವ್ಯವಸಾಯ ಶಿಕ್ಷಣವನ್ನು ಆರಂಭಿಸಿದ್ದರು. ಈ ಪಾಠಗಳನ್ನು ಚಳಿಗಾಲದಲ್ಲಿ, ಎಂದರೆ ಹೊಲಗಳ ಮೇಲೆ ಹಿಮ ಬಿದ್ದು ಬೇಸಾಯದ ಕೆಲಸಗಳು ನಿಂತಿರುವ ಕಾಲದಲ್ಲಿ, ನಡೆಸುತ್ತಿದ್ದರು. ಶಾಲೆಯ ಕಾಲವನ್ನು ರೈತನ ಕಾಲಕ್ಕೆ ಹೊಂದಿಸಿದ ಕಾರಣ, ತಂದೆಯಾದವನು ಮಗನನ್ನು ಕಳುಹಿಸಲು ಹಿಂಜರಿಯಬೇಕಾಗಿರಲಿಲ್ಲ. ನಮ್ಮಲ್ಲಿ ಹಿಮವಿಲ್ಲದಿದ್ದರೂ, ಒಕ್ಕಣೆ ಮುಗಿದ ಮೇಲೆ ಮುಂಗಾರಿನವರೆಗೆ ಮಳೆಯಾಶ್ರಯದ ಊರುಗಳಲ್ಲಿ ಬಿಡುವು ಇದ್ದೇ ಇರುತ್ತದೆ.

೧೯೧೧ನೆಯ ವರ್ಷದ ಕಾಯಿದೆಗಳು

ಸಂಸ್ಥಾನದ ನಗರಗಳಲ್ಲಿ ಕಾರ್ಖಾನೆಗಳು ಬೆಳೆದ ಹಾಗೆಲ್ಲ ಮತ್ತೊಂದು ಸಂಕಟ ತಲೆದೋರಿತು. ೧೪ ವರ್ಷ ತುಂಬಿದ ಕೂಡಲೇ ಅನೇಕ ಮಕ್ಕಳು ಶಾಲೆಯನ್ನು ಬಿಟ್ಟು ಕೂಲಿಗೆ ಸೇರುತ್ತಿದ್ದರು. ಅಲ್ಲಿ ಅವರಿಗೆ ಕಸುಬನ್ನು ಯಾರೂ ಕಲಿಸುತ್ತಿರಲಿಲ್ಲ. ಒಂದೇ ಕೆಲಸವನ್ನು ದಿನವಿಡೀ ಮಾಡಿಸುತ್ತಿದ್ದರು. ಪ್ರಾಯಕ್ಕೆ ಬಂದ ಮೇಲೆ ಅವರಿಗೆ ಓದೂ ಇಲ್ಲ, ಕಸುಬೂ ಇಲ್ಲ ಎಂಬಂತಾಗುತ್ತಿತ್ತು.

ಇದನ್ನು ವಿಚಾರಿಸುವುದಕ್ಕಾಗಿ ಶಾಸನಸಭೆಯವರು ೧೯೦೯ರಲ್ಲಿ ಒಂದು ಕಮಿಷನ್ನನ್ನು ನೇಮಿಸಿದರು. ಅದರ ವಿಚಾರಣೆಗೆ ಒಪ್ಪಿಸಿದ್ದ ವಿಷಯ ಕೈಗಾರಿಕಾ ಶಿಕ್ಷಣ ಮಾತ್ರವಲ್ಲ. ಕೈಗಾರಿಕೆ ಮತ್ತು ವ್ಯವಸಾಯ ಇವೆರಡರ ಶಿಕ್ಷಣದ ವಿಸ್ತರಣೆ. ಈ ಕಾರ್ಯದಲ್ಲಿ ಮುಖ್ಯರಾಗಿದ್ದವರು ಚಾರ್ಲ್ಸ್ ಮೆಕಾರ್ಥಿಯವರು. ಶಾಸನಸಭೆಯ ಸದಸ್ಯರಿಗೆ ಕಾಯಿದೆಗಳ ರಚನೆಗೆ ಬೇಕಾದ ಸಂಗತಿಗಳನ್ನು ಒದಗಿಸುವ ಪುಸ್ತಕ ಭಂಡಾರಕ್ಕೆ ಅವರು ಮುಖ್ಯಾಧಿಕಾರಿಗಳಾಗಿದ್ದರು. ಜರ್ಮನಿ ದೇಶದ ಪದ್ಧತಿಯನ್ನು, ವಿಶೇಷವಾಗಿ ಮ್ಯೂನಿಕ್ ನಗರದಲ್ಲಿ ಗಿಯೋರ್ಗ್ ಕೆರ್ಶನ್‌ಸ್ಟೈನರ್ ಅವರು ದುಡಿಯುವ ತರುಣರಿಗಾಗಿ ರೂಪಿಸಿದ್ದ ಶಾಲೆಗಳನ್ನು, ಅವರು ಮೆಚ್ಚಿಕೊಂಡಿದ್ದರು. ಕಮಿಷನ್ನಿನ ವರದಿ ೧೯೧೧ರ ಜನವರಿಯಲ್ಲಿ ಗವರ್ನರಿಗೆ ಸಂದಿತು. ಅದೇ ವರ್ಷದಲ್ಲೇ ಕಾಯಿದೆಗಳೂ ಜಾರಿಗೆ ಬಂದವು.

ಆ ಕಾಯಿದೆಗಳ ಮುಖ್ಯಾಂಶಗಳು ಹೀಗಿವೆ:

೧. ೫,೦೦೦ಕ್ಕೆ ಮೇಲ್ಪಟ್ಟು ಜನಸಂಖ್ಯೆಯಿರುವ ಪ್ರತಿಯೊಂದು ಊರಿನಲ್ಲಿಯೂ ಕೈಗಾರಿಕಾ ಶಿಕ್ಷಣದ ಮಂಡಲಿಯೊಂದಿರತಕ್ಕದ್ದು. ಅದರಲ್ಲಿ ಕೆಲಸ ಕೊಡುವ ಯಜಮಾನರು ಇಬ್ಬರು, ಕೆಲಸಗಾರರು ಇಬ್ಬರು, ಮತ್ತು ಊರಿನ ಪಾಠಶಾಲೆಗಳ ಮುಖ್ಯಾಧಿಕಾರಿ.

೨. ಶಾಲೆಯ ವೆಚ್ಚಕ್ಕೆ ಊರಿನವರು ಪ್ರತ್ಯೇಕ ತೆರಿಗೆಯನ್ನು ವಿಧಿಸತಕ್ಕದ್ದು. ಸಂಸ್ಥಾನದ ಸರ್ಕಾರದವರು ಸಹಾಯಧನ ಕೊಡತಕ್ಕದ್ದು.

೩. ಕೆಲಸಕ್ಕೆ ಸೇರಿದ ೧೪ರಿಂದ ೧೬ ವರ್ಷದೊಳಗಿನ ಮಕ್ಕಳನ್ನು ವಾರಕ್ಕೆ ೫ ಗಂಟೆಗಳ ಕಾಲ ಶಾಲೆಗೆ ಕಳುಹಿಸತಕ್ಕದ್ದು.

೪. ಕಸುಬು ಕಲಿಯಲು ಕರಾರು ಮಾಡಿಕೊಂಡು ಸೇರಿದ ಅಪ್ರೆಂಟಿಸನಿಗೂ ವಾರಕ್ಕೆ ೫ ಗಂಟೆಗಳ ಪಾಠವಿರತಕ್ಕದ್ದು. ಆ ಗಂಟೆಗಳ ಕೂಲಿಯನ್ನೂ ಯಜಮಾನನೇ ಕೊಡತಕ್ಕದ್ದು.

ರೇಸೀನ್ ನಗರದಲ್ಲಿ ೧೯೧೧ರಲ್ಲೇ ಇಂತಹ ಶಾಲೆ ತೆರೆಯಿತು; ಮಿಲ್ವಾಕೀ ನಗರದಲ್ಲಿ ಮರುವರ್ಷ ತೆರೆಯಿತು. ಇಂದು ವಿಸ್ಕಾನ್ಸಿನ್ನಿನಲ್ಲಿರುವ ೧೬ ತಾಂತ್ರಿಕ ಕಾಲೇಜುಗಳ ವ್ಯವಸ್ಥೆಗೆ ಈ ಶಾಲೆಗಳೇ ಮೂಲ.

ಕಾಯಿದೆಯ ತಿರುಳು

ಮೇಲ್ಕಂಡ ನಾಲ್ಕು ಅಂಶಗಳಲ್ಲಿ ನಾಲ್ಕನೆಯದು ವಾಚಕರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹಗಲೆಲ್ಲ ದುಡಿದು ದಣಿದ ಹುಡುಗನನ್ನು ರಾತ್ರಿಯ ಶಾಲೆಗೆ ಕಳುಹಿಸಿದರೆ ಅವನು ಪುಸ್ತಕದ ಮೇಲೆ ತಲೆಯಿಟ್ಟು ನಿದ್ರೆ ಮಾಡುತ್ತಾನೆಯೇ ಹೊರತು ಕಲಿಯುವುದಿಲ್ಲ. ಕೂಲಿಯನ್ನು ಕಡಿದುಕೊಂಡು ಹಗಲಿನ ಶಾಲೆಗೆ ಕಳುಹಿಸಿದರೆ, ಆ ಕೂಲಿಯನ್ನೇ ನಂಬಿರುವ ತಾಯಿತಂದೆಗಳು ಅವನನ್ನು ಶಾಲೆಯಿಂದ ತಪ್ಪಿಸುತ್ತಾರೆ. ಆದಕಾರಣ ಓದಿನ ಗಂಟೆಯೂ ಕೆಲಸದ ಗಂಟೆಯೇ, ಅದಕ್ಕೂ ಕೂಲಿ ಸಲ್ಲಬೇಕು ಎಂದು ಕಾಯಿದೆಯು ವಿಧಿಸಿತು. ವಾರಕ್ಕೆ ೫ ಗಂಟೆಯೆಂಬುದು ಅಲ್ಪವೆಂದು ತೋರಬಹುದು. ವರ್ಷಕ್ಕೆ ೫೦ ವಾರಗಳಂತೆ ಎಣಿಸಿದರೆ ೨೫೦ ಗಂಟೆಗಳಾಗುತ್ತವೆ. ನಾಲ್ಕು ವರ್ಷಗಳ ಕರಾರಿನಲ್ಲಿ ೧,೦೦೦ ಗಂಟೆಗಳು. ಗಣಿತ, ನಕ್ಷೆ, ಯಂತ್ರದ ತತ್ತ್ವ, ಪತ್ರವ್ಯವಹಾರಗಳನ್ನು ಕಲಿಯಲು ಇದು ಕಡಿಮೆಯ ಕಾಲವಲ್ಲ.

ಯಜಮಾನನಿಗೆ ಇದರಿಂದ ನಷ್ಟವಲ್ಲವೇ ಎಂದು ಕೇಳಬಹುದು. ಮೊದಲ ವರ್ಷದಲ್ಲಿ ನಷ್ಟವೇ. ಆದರೆ ಬೀಜಕ್ಕೆ ತೆಗೆದಿಟ್ಟ ರಾಗಿಯನ್ನು ಯಾವ ರೈತನೂ ನಷ್ಟದ ಲೆಕ್ಕದಲ್ಲಿ ಬರೆಯುವುದಿಲ್ಲ. ಹುಡುಗನು ಮೂರನೆಯ, ನಾಲ್ಕನೆಯ ವರ್ಷಗಳಲ್ಲಿ ಮಾಡುವ ಕೆಲಸದಿಂದ ಮೊದಲ ವರ್ಷದ ವೆಚ್ಚ ಹಿಂದಿರುಗುತ್ತದೆ. ಇದಕ್ಕಾಗಿಯೇ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಬೇಕೆಂದು ಕಾಯಿದೆಯಲ್ಲಿ ಹೇಳಲಾಯಿತು. ಯಜಮಾನನು ಯಾವ ಯಾವ ಕೆಲಸಗಳನ್ನು ಕಲಿಸಬೇಕು, ಎಷ್ಟು ಕೂಲಿ ಕೊಡಬೇಕು, ಹುಡುಗನು ಎಷ್ಟು ಕಾಲ ಇರಬೇಕು ಎಂಬುವು ಆ ಪತ್ರದಲ್ಲಿರುತ್ತಿದ್ದವು. ಹೀಗೆ ಹೊರೆಯನ್ನು ಮೂವರು ಹಂಚಿಕೊಂಡರು: ಯಜಮಾನನು ಗಂಟೆಗಳನ್ನೂ ಕೂಲಿಯನ್ನೂ ಕೊಟ್ಟನು; ಶಾಲೆಯವರು ಪಾಠ ಕೊಟ್ಟರು; ಸರ್ಕಾರದವರು ಹಣವನ್ನೂ ಮೇಲ್ವಿಚಾರಣೆಯನ್ನೂ ಕೊಟ್ಟರು. ಈ ಮೂವರಲ್ಲಿ ಒಬ್ಬರು ಹಿಂಜರಿದರೂ ಪದ್ಧತಿ ನಿಲ್ಲುವುದಿಲ್ಲ.

ಆಕ್ಷೇಪಣೆಗಳು

ಈ ಪದ್ಧತಿಗೆ ಆಕ್ಷೇಪಣೆಗಳಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಕೂಲಿಗಾರನ ಮಗನಿಗೆ ಒಂದು ಶಾಲೆಯೂ ಅನುಕೂಲಸ್ಥನ ಮಗನಿಗೆ ಇನ್ನೊಂದು ಶಾಲೆಯೂ ಆದರೆ, ಮೊದಲನೆಯವನು ಎಂದೆಂದಿಗೂ ಕೂಲಿಗಾರನಾಗಿಯೇ ಉಳಿಯುವುದಿಲ್ಲವೇ ಎಂಬುದು ಅವುಗಳಲ್ಲಿ ಮುಖ್ಯವಾದುದು. ನೆರೆಯ ಇಲಿನಾಯ್ ಸಂಸ್ಥಾನದಲ್ಲಿ ಕಸುಬಿನ ಶಾಲೆಗಳಿಗೆ ಪ್ರತ್ಯೇಕ ಆಡಳಿತ ಮಂಡಲಿಗಳನ್ನು ರಚಿಸುವ ಮಸೂದೆ ಬಂದಾಗ, ಪ್ರಸಿದ್ಧ ತತ್ತ್ವಜ್ಞಾನಿಗಳಾದ ಜಾನ್ ಡ್ಯೂಯಿಯವರು ಈ ಕಾರಣದಿಂದಲೇ ಅದನ್ನು ವಿರೋಧಿಸಿದರು. ಆ ಮಸೂದೆ ಕಾಯಿದೆಯಾಗಲಿಲ್ಲ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಕೆಲಸ ಕಲಿಯುವವನಿಗೆ ಮೇಲಿನ ತರಗತಿಗಳ ಬಾಗಿಲು ತೆರೆದಿದ್ದರೆ ಮಾತ್ರ ಈ ಪದ್ಧತಿ ನ್ಯಾಯವಾದುದು; ಬಾಗಿಲು ಮುಚ್ಚಿದ್ದರೆ ಅದು ಜೀತಕ್ಕೆ ಕೊಟ್ಟ ಮತ್ತೊಂದು ಹೆಸರಾದೀತು.

ಎರಡನೆಯ ನ್ಯೂನತೆ ನಮಗೆ ಇನ್ನೂ ಸಮೀಪವಾದುದು. ೧೯೦೯ರ ಕಮಿಷನ್ನಿನ ಹೆಸರಿನಲ್ಲಿ ವ್ಯವಸಾಯವೆಂಬ ಮಾತಿದ್ದರೂ, ಕಾಯಿದೆಯ ಮುಖ್ಯ ಪ್ರಯೋಜನವನ್ನು ಪಡೆದವರು ನಗರದ ಮಕ್ಕಳು. ಹಳ್ಳಿಯ ಹುಡುಗನು ತನ್ನ ತಂದೆಯ ಜಮೀನಿನಲ್ಲೇ ದುಡಿಯುತ್ತಿದ್ದುದರಿಂದ ಅವನಿಗೆ ಯಜಮಾನನೂ ಇರಲಿಲ್ಲ, ಕರಾರೂ ಇರಲಿಲ್ಲ, ಸಮೀಪದಲ್ಲಿ ಶಾಲೆಯೂ ಇರಲಿಲ್ಲ.

ಬೇಸಾಯಕ್ಕೆ ಪದ್ಧತಿಯ ವಿಸ್ತರಣೆ

ಈ ನ್ಯೂನತೆಯನ್ನು ಹಂತಹಂತವಾಗಿ ಸರಿಪಡಿಸಲಾಯಿತು. ೧೯೧೭ರಲ್ಲಿ ಅಮೆರಿಕಾದ ಕೇಂದ್ರ ಸರ್ಕಾರದವರು ಸ್ಮಿತ್-ಹ್ಯೂಸ್ ಕಾಯಿದೆ ಎಂಬ ಹೆಸರಿನ ಕಾಯಿದೆಯನ್ನು ಮಾಡಿ, ಕಸುಬಿನ ಶಿಕ್ಷಣಕ್ಕೆ ಎಲ್ಲ ಸಂಸ್ಥಾನಗಳಿಗೂ ಧನಸಹಾಯವನ್ನು ಏರ್ಪಡಿಸಿದರು. ವ್ಯವಸಾಯ ಶಾಲೆಗಳಿಗೆ ಹಣ ದೊರೆಯಬೇಕಾದರೆ ಒಂದು ಷರತ್ತಿತ್ತು. ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಕನಿಷ್ಠಪಕ್ಷ ಆರು ತಿಂಗಳು, ಶಾಲೆಯ ಜಮೀನಿನಲ್ಲಾಗಲಿ ಬೇರೆ ಜಮೀನಿನಲ್ಲಾಗಲಿ, ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಬೇಸಾಯದ ಕೆಲಸವನ್ನು ಮಾಡತಕ್ಕದ್ದು. ಇದರಿಂದ ತಂದೆಯ ಹೊಲವೇ ಮಗನ ಪ್ರಯೋಗಶಾಲೆಯಾಗಲು ಅವಕಾಶವಾಯಿತು.

ವಿಸ್ಕಾನ್ಸಿನ್ನಿನಲ್ಲಿ ೧೯೬೫ರ ಕಾಯಿದೆಯೊಂದರ ಮೂಲಕ, ೧೯೭೦ರೊಳಗಾಗಿ ಸಂಸ್ಥಾನದ ಯಾವ ಭಾಗವೂ ಬಿಟ್ಟುಹೋಗದಂತೆ ಎಲ್ಲ ಹಳ್ಳಿಗಳನ್ನೂ ತಾಂತ್ರಿಕ ಶಿಕ್ಷಣದ ಒಂದಲ್ಲ ಒಂದು ವಲಯಕ್ಕೆ ಸೇರಿಸಬೇಕೆಂದು ವಿಧಿಸಲಾಯಿತು. ೧೯೯೧ರಲ್ಲಿ ಶಾಸನಸಭೆಯವರು ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳ ವಿದ್ಯಾರ್ಥಿಗಳಿಗಾಗಿ ತರುಣರ ಅಪ್ರೆಂಟಿಸ್ ಪದ್ಧತಿಯನ್ನು ಸ್ಥಾಪಿಸಿದರು. ಇದರಂತೆ ವಿದ್ಯಾರ್ಥಿಯು ಶಾಲೆಯಲ್ಲಿ ಓದುತ್ತಿರುವಾಗಲೇ ವರ್ಷಕ್ಕೆ ೪೫೦ ಗಂಟೆಗಳಷ್ಟು ಕಾಲ ಕೂಲಿ ಪಡೆದು ಯಜಮಾನನೊಬ್ಬನ ಬಳಿ ಕೆಲಸ ಕಲಿಯಬೇಕು. ಈ ಪದ್ಧತಿಯಲ್ಲಿ ವ್ಯವಸಾಯಕ್ಕೂ ಸ್ಥಾನ ದೊರೆಯಿತು.

ಇದಕ್ಕಿಂತಲೂ ಹೆಚ್ಚಾಗಿ ಜಮೀನುಳ್ಳವರು ತಿಳಿಯಬೇಕಾದದ್ದು, ಆ ಸಂಸ್ಥಾನದಲ್ಲಿ ೨೦೧೦ರಲ್ಲಿ ಆರಂಭವಾದ ಹೈನುಗಾರಿಕೆಯ ಅಪ್ರೆಂಟಿಸ್ ಏರ್ಪಾಡು. ಹಸುಗಳನ್ನು ಹುಲ್ಲುಗಾವಲಿನಲ್ಲಿ ಮೇಯಿಸಿ ಹೈನು ಮಾಡುವ ಅನುಭವಸ್ಥ ರೈತನು ತನ್ನ ಬಳಿ ತರುಣನನ್ನಾಗಲಿ ತರುಣಿಯನ್ನಾಗಲಿ ಎರಡು ವರ್ಷ ಇಟ್ಟುಕೊಂಡು, ಕೂಲಿ ಕೊಟ್ಟು, ಕೆಲಸವನ್ನು ಕಲಿಸುತ್ತಾನೆ. ಒಟ್ಟು ಅವಧಿ ಸುಮಾರು ೪,೦೦೦ ಗಂಟೆಗಳು. ಇದರಲ್ಲಿ ಒಂದು ಭಾಗ ತರಗತಿಯ ಪಾಠಕ್ಕೆ ಮೀಸಲು. ೨೦೧೫ರಲ್ಲಿ ಅಮೆರಿಕಾದ ಕೇಂದ್ರ ಕಾರ್ಮಿಕ ಇಲಾಖೆಯವರು ಇದನ್ನು ನೋಂದಾಯಿತ ಅಪ್ರೆಂಟಿಸ್ ಶಿಕ್ಷಣವೆಂದು ಅಂಗೀಕರಿಸಿದರು. ವಯಸ್ಸಾದ ರೈತನಿಗೆ ಉತ್ತರಾಧಿಕಾರಿಯಿಲ್ಲ, ಹುಮ್ಮಸ್ಸಿನ ತರುಣನಿಗೆ ಜಮೀನಿಲ್ಲ. ಇವರಿಬ್ಬರನ್ನೂ ಒಂದುಗೂಡಿಸುವುದು ಇದರ ಉದ್ದೇಶಗಳಲ್ಲೊಂದು. ಮಕ್ಕಳೆಲ್ಲ ಪಟ್ಟಣ ಸೇರಿ ಜಮೀನು ಬೀಳು ಬಿದ್ದಿರುವ ನಮ್ಮ ಅನೇಕ ಮನೆಗಳವರಿಗೆ ಇದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಸ್ಥಿತಿ

ನಮ್ಮ ದೇಶದಲ್ಲಿಯೂ ಇಂತಹ ಕಾಯಿದೆ ಇಲ್ಲದಿಲ್ಲ. ೧೮೫೦ರಷ್ಟು ಹಿಂದೆಯೇ ಬ್ರಿಟಿಷ್ ಸರ್ಕಾರದವರು ಅಪ್ರೆಂಟಿಸ್ ಕಾಯಿದೆಯೊಂದನ್ನು ಮಾಡಿದ್ದರು. ಅದು ಮುಖ್ಯವಾಗಿ ಅನಾಥರನ್ನೂ ಬಡಮಕ್ಕಳನ್ನೂ ಕಸುಬಿಗೆ ಹಚ್ಚುವುದಕ್ಕಾಗಿ ಆದದ್ದು. ಸ್ವಾತಂತ್ರ್ಯಾನಂತರ, ೧೯೬೧ರಲ್ಲಿ, ಪಾರ್ಲಿಮೆಂಟಿನವರು ಈಗ ಜಾರಿಯಲ್ಲಿರುವ ಅಪ್ರೆಂಟಿಸ್ ಕಾಯಿದೆಯನ್ನು ಅಂಗೀಕರಿಸಿದರು. ಅದರ ಹತ್ತನೆಯ ಪ್ರಕರಣದಲ್ಲಿ, ಕಸುಬಿನ ಅಪ್ರೆಂಟಿಸನು ಸಂಬಂಧಪಟ್ಟ ಪಾಠಗಳಿಗೆ ಹಾಜರಾಗುವ ಕಾಲವನ್ನು ಸಂಬಳ ಸಲ್ಲುವ ಕೆಲಸದ ಕಾಲವೆಂದೇ ಎಣಿಸತಕ್ಕದ್ದೆಂದು ವಿಧಿಸಿದೆ. ವಿಸ್ಕಾನ್ಸಿನ್ನಿನವರು ೧೯೧೧ರಲ್ಲಿ ಒಪ್ಪಿಕೊಂಡ ತತ್ತ್ವವೇ ಇದು. ೧೯೭೩ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, ೨೦೧೪ರ ತಿದ್ದುಪಡಿಯಿಂದ ಇತರ ಪದವೀಧರರೂ ಇದರ ವ್ಯಾಪ್ತಿಗೆ ಬಂದರು. ೨೦೧೯ರಲ್ಲಿ ನಿಯಮಗಳನ್ನು ತಿದ್ದಿ, ೩೦ ಅಥವಾ ಅದಕ್ಕಿಂತ ಹೆಚ್ಚು ಜನರು ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸುಗಳನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕೆಂದೂ, ೪ ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದೆಂದೂ ಗೊತ್ತುಮಾಡಲಾಯಿತು.

ಸಕ್ಕರೆ ಕಾರ್ಖಾನೆ, ದೊಡ್ಡ ವರ್ಕ್‌ಷಾಪು ಮುಂತಾದವು ಈ ನಿಯಮಗಳೊಳಗೆ ಬರಬಹುದು. ಆದರೆ ನಾಲ್ಕೈದು ಎಕರೆಯ ಹಿಡುವಳಿ ಬರಲಾರದು. ಅಮೆರಿಕಾದಲ್ಲಿ ಆದಂತೆಯೇ ನಮ್ಮಲ್ಲಿಯೂ ಕಾಯಿದೆಯ ನೆರಳು ಮೊದಲು ಬಿದ್ದಿರುವುದು ಕಾರ್ಖಾನೆಯ ಮೇಲೆ.

ಬೇಸಾಯದಲ್ಲಿ ನಮಗೆ ಇರುವ ಏರ್ಪಾಡು ಬೇರೆ ಬಗೆಯದು. ಮೈಸೂರು ಸಂಸ್ಥಾನದಲ್ಲಿ ವ್ಯವಸಾಯ ಶಿಕ್ಷಣವು ಕಚೇರಿಯ ಕಟ್ಟಡದಲ್ಲಲ್ಲದೆ ಹೊಲದಲ್ಲೇ ಹುಟ್ಟಿತೆಂಬುದು ಸ್ಮರಣಾರ್ಹ. ಹೆಬ್ಬಾಳದಲ್ಲಿ ೧೮೯೯ರಲ್ಲಿ ೩೦ ಎಕರೆ ಜಮೀನಿನಲ್ಲಿ ಪ್ರಯೋಗ ಕ್ಷೇತ್ರ ಆರಂಭವಾಯಿತು. ೧೯೧೩ರಲ್ಲಿ ಅಲ್ಲಿಯೇ ಲೈಸೆನ್ಷಿಯೇಟ್ ಪರೀಕ್ಷೆಗೆ ಓದಿಸುವ ವ್ಯವಸಾಯ ಶಾಲೆ ಏರ್ಪಟ್ಟಿತು. ೧೯೪೬ರಲ್ಲಿ ಅದು ಕಾಲೇಜಾಯಿತು. ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಈಗ ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಕ್ರಮದಂತೆ ಹಳ್ಳಿಗಳಲ್ಲಿ ತಂಗಿ, ರೈತರ ಜೊತೆಯಲ್ಲಿದ್ದು ಕೆಲಸ ಕಲಿಯಬೇಕಾಗಿದೆ. ಈ ಶಿಕ್ಷಣದಲ್ಲಿ ರೈತನೇ ಉಪಾಧ್ಯಾಯನು, ಅವನ ಹೊಲವೇ ತರಗತಿ. ಆದುದರಿಂದ ಈ ಏರ್ಪಾಡಿನ ಯಶಸ್ಸು ಅರ್ಧಪಾಲು ವಿಶ್ವವಿದ್ಯಾನಿಲಯದವರ ಕೈಯಲ್ಲಿದ್ದರೆ, ಉಳಿದರ್ಧ ಗ್ರಾಮದ ಹಿರಿಯರ ಕೈಯಲ್ಲಿದೆ.

ಗ್ರಾಮದ ಹಿರಿಯರು ಮಾಡಬಹುದಾದ ಕಾರ್ಯಗಳು

ಕಾಯಿದೆಯು ಬಲಾತ್ಕರಿಸುವವರೆಗೆ ಕಾಯಬೇಕಾದ ಅಗತ್ಯವೇನೂ ಇಲ್ಲ. ಮೇಲೆ ಹೇಳಿದ ತತ್ತ್ವಗಳನ್ನು ಪ್ರತಿಯೊಬ್ಬ ಜಮೀನುದಾರನೂ ತನ್ನ ಮಟ್ಟಿಗೆ ಆಚರಣೆಗೆ ತರಬಹುದು.

ಮೊದಲನೆಯದಾಗಿ, ೧೪ ವರ್ಷ ತುಂಬದ ಮಗುವನ್ನು ಕಲಿಕೆಯ ಹೆಸರಿನಲ್ಲಾಗಲಿ ಬೇರೆ ಯಾವ ಹೆಸರಿನಲ್ಲಾಗಲಿ ಕೆಲಸಕ್ಕೆ ಇಟ್ಟುಕೊಳ್ಳತಕ್ಕದ್ದಲ್ಲ. ಆ ವಯಸ್ಸಿನ ಮಗುವಿನ ಸ್ಥಾನ ಶಾಲೆಯೇ. ೧೮ ವರ್ಷ ತುಂಬದವರನ್ನು ಅಪಾಯಕರವಾದ ಕೆಲಸಗಳಿಗೆ ಹಚ್ಚತಕ್ಕದ್ದಲ್ಲ. ಔಷಧ ಸಿಂಪಡಿಸುವುದನ್ನೂ ಒಕ್ಕಣೆ ಯಂತ್ರಕ್ಕೆ ತೆನೆ ಕೊಡುವುದನ್ನೂ ದೊಡ್ಡವರಿಗೇ ಬಿಡುವುದು ಕ್ಷೇಮ.

ಎರಡನೆಯದಾಗಿ, ಐ.ಟಿ.ಐ. ಅಥವಾ ಡಿಪ್ಲೊಮಾ ಓದುತ್ತಿರುವ, ಇಲ್ಲವೆ ಓದಿ ಬಂದಿರುವ ಊರಿನ ತರುಣನನ್ನು ತೋಟಕ್ಕಾಗಲಿ ಯಂತ್ರಗಳಿಗಾಗಲಿ ನೇಮಿಸಿಕೊಳ್ಳುವಾಗ, ಬಾಯಿಮಾತಿನಲ್ಲಿ ಬಿಡದೆ ಒಂದು ಹಾಳೆಯಲ್ಲಿ ಷರತ್ತುಗಳನ್ನು ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಕೂಲಿಯೆಷ್ಟು, ಅವಧಿಯೆಷ್ಟು, ಪಾಠಕ್ಕೂ ಪರೀಕ್ಷೆಗೂ ಬಿಡುವೆಷ್ಟು, ಕಲಿಸುವ ಕೆಲಸಗಳು ಯಾವುವು ಎಂಬುದು ಅದರಲ್ಲಿರಲಿ. ಬರೆದ ಮಾತಿನಿಂದ ಮನಸ್ತಾಪ ತಪ್ಪುತ್ತದೆ.

ಮೂರನೆಯದಾಗಿ, ಒಂದೇ ಕೆಲಸವನ್ನು ವರ್ಷವಿಡೀ ಮಾಡಿಸಬಾರದು. ಬೀಜೋಪಚಾರ, ನೀರು ಹಾಯಿಸುವುದು, ಹನಿ ನೀರಾವರಿಯ ಕೊಳವೆಗಳ ಶುದ್ಧಿ, ಯಂತ್ರಗಳ ಪೋಷಣೆ, ರಾಸುಗಳ ಆರೈಕೆ, ಮಂಡಿಯ ಮಾರಾಟ, ಜಮಾಖರ್ಚಿನ ಲೆಕ್ಕ, ಇವೆಲ್ಲದರಲ್ಲೂ ಸರದಿಯಂತೆ ಕೈಯಾಡಿಸಿದವನೇ ಪೂರ್ಣ ಬೇಸಾಯಗಾರನು. ಮಾರಾಟ ಮತ್ತು ಲೆಕ್ಕಗಳನ್ನು ಮರೆಮಾಡಿ ಉಳುಮೆಯನ್ನು ಮಾತ್ರ ಕಲಿಸುವ ಯಜಮಾನನು ಆಳನ್ನು ತಯಾರಿಸುತ್ತಾನೆಯೇ ಹೊರತು ರೈತನನ್ನಲ್ಲ. ಈ ಮಾತು ಸ್ವಂತ ಮಕ್ಕಳ ವಿಷಯದಲ್ಲೂ ಅನ್ವಯಿಸುತ್ತದೆ.

ನಾಲ್ಕನೆಯದಾಗಿ, ಕಲಿಯುವವರು ದಿನಚರಿಯ ಪುಸ್ತಕವೊಂದನ್ನು ಇಟ್ಟು, ಮಾಡಿದ ಕೆಲಸವನ್ನೂ ಹಾಕಿದ ಗೊಬ್ಬರದ ತೂಕವನ್ನೂ ಬಿದ್ದ ಮಳೆಯನ್ನೂ ಬರೆದಿಡುವಂತೆ ಮಾಡಬೇಕು. ಎರಡು ವರ್ಷಗಳಾದ ಮೇಲೆ ಆ ಪುಸ್ತಕವು ಜಮೀನಿನ ಮಾಲೀಕನಿಗೇ ಬೆಲೆಯುಳ್ಳ ದಾಖಲೆಯಾಗುತ್ತದೆ.

ಐದನೆಯದಾಗಿ, ಹೆಣ್ಣುಮಕ್ಕಳನ್ನು ಮರೆಯಬಾರದು. ನಮ್ಮಲ್ಲಿ ಕಳೆ, ನಾಟಿ, ಕೊಯ್ಲು, ಹೈನುಗಳ ಬಹುಭಾಗ ಹೆಂಗಸರ ಕೈಯಲ್ಲೇ ನಡೆಯುತ್ತದೆ. ಕೆಲಸ ಅವರದೂ ಕಲಿಕೆ ಗಂಡಸರದೂ ಆಗಿರುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಕೊನೆಯದಾಗಿ, ಕೃಷಿ ವಿದ್ಯಾರ್ಥಿಗಳು ಊರಿಗೆ ಬಂದಾಗ ಅವರನ್ನು ಅತಿಥಿಗಳೆಂದು ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ಕಳುಹಿಸುವುದು ಸೌಜನ್ಯವಿರಬಹುದು, ಉಪಕಾರವಲ್ಲ. ಬೆಳಗಿನ ಜಾವ ಎಬ್ಬಿಸಿ ಹೊಲಕ್ಕೆ ಕರೆದುಕೊಂಡು ಹೋಗುವುದೇ ಉಪಕಾರ. ಅವರು ಪುಸ್ತಕದಿಂದ ತಂದ ವಿಷಯವನ್ನು ಒಂದು ಗುಂಟೆಯಲ್ಲಾದರೂ ಪರೀಕ್ಷಿಸಿ ನೋಡಲು ಅವಕಾಶ ಕೊಟ್ಟರೆ, ಕೊಟ್ಟುಕೊಳ್ಳುವ ವ್ಯವಹಾರ ಸಮನಾಗುತ್ತದೆ.

ಉಪಸಂಹಾರ

ವಿಸ್ಕಾನ್ಸಿನ್ ಸಂಸ್ಥಾನದ ವೃತ್ತಾಂತದಿಂದ ತಿಳಿಯಬರುವುದೇನೆಂದರೆ, ಕಟ್ಟಡಗಳಿಂದ ಮಾತ್ರ ತಾಂತ್ರಿಕ ಶಿಕ್ಷಣ ಬೆಳೆಯುವುದಿಲ್ಲ. ವಾರದಲ್ಲಿ ಕೆಲವು ಗಂಟೆಗಳನ್ನು ಕೂಲಿ ಸಹಿತವಾಗಿ ಬಿಟ್ಟುಕೊಡುವ ಯಜಮಾನರಿದ್ದರೆ ಬೆಳೆಯುತ್ತದೆ. ಅಲ್ಲಿ ಆ ಬಿಟ್ಟುಕೊಡುವಿಕೆಯನ್ನು ಕಾಯಿದೆ ಮಾಡಿಸಿತು. ಸಣ್ಣ ಹಿಡುವಳಿಗಳ ನಮ್ಮ ನಾಡಿನಲ್ಲಿ ಕಾಯಿದೆಯ ಕೈ ಪ್ರತಿಯೊಂದು ಹೊಲವನ್ನೂ ಮುಟ್ಟಲಾರದು. ಗ್ರಾಮದ ಹಿರಿಯರ ಮೇಲ್ಪಂಕ್ತಿ ಮುಟ್ಟಬಲ್ಲದು. ಈ ವಿಷಯದಲ್ಲಿ ಆಸಕ್ತಿಯುಳ್ಳವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳನ್ನಾಗಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ಕಂಡು, ಮುಂದಿನ ಒಕ್ಕಣೆ ಮುಗಿಯುವುದರೊಳಗಾಗಿ ಊರಿನ ತರುಣರಲ್ಲಿ ಒಬ್ಬಿಬ್ಬರನ್ನಾದರೂ ಆರಿಸಿ, ಈ ಕ್ರಮದಲ್ಲಿ ಕಲಿಕೆಗೆ ಹಚ್ಚುವರೆಂದು ಹಾರೈಸುತ್ತೇವೆ.